ಪುಣಜನೂರು ಗೇಟಿನ ಆಚೆ, ಈಚೆ

ಒಂದು ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಪುಣಜನೂರು ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ?

ಬಹಳ ಜನಕ್ಕೆ ಏನೂ ನೆನಪಾಗಲ್ಲ. ನೆನಪಾದರೂ ಅದು ನಾವು ತೋರಿಸಿದ್ದೇ ಆಗಿರುತ್ತೆ. ಕಬ್ಬಿನ ಲಾರಿಗೆ ಅಡ್ಡ ನಿಂತ ಆನೆ. ಚೆಕ್‌ಪೋಸ್ಟ್ ಮುಂದೆ ಸಾಲುಗಟ್ಟಿದ ವಾಹನ. ಇನ್ನೂ ಸ್ವಲ್ಪ ವಯಸ್ಸಾದವರಾಗಿದ್ದರೆ ವೀರಪ್ಪನ್, ಎಸ್‌ಟಿಎಫ್ ಜೀಪು, ಅಣ್ಣಾವ್ರ ಅಪಹರಣ. ಚಾಮರಾಜನಗರದಿಂದ ಸತ್ಯಮಂಗಲದ ಕಡೆ ಹೋಗೋ ಹೆದ್ದಾರಿಯಲ್ಲಿ, ಕರ್ನಾಟಕ ಮುಗಿಯೋಕೆ ಸ್ವಲ್ಪ ಮುಂಚೆ ಸಿಗೋ ಊರು ಇದು. ಒಂದು ಅರಣ್ಯ ಇಲಾಖೆ ಗೇಟು, ಒಂದಿಷ್ಟು ಅಂಗಡಿ, ಸುತ್ತ ಬಿಳಿಗಿರಿರಂಗನ ಬೆಟ್ಟದ ಕಾಡು, ಕಾಡಿನ ಅಂಚಲ್ಲಿ ಸೋಲಿಗರ ಪೋಡುಗಳು. ಮುಂದಕ್ಕೆ ಹೋದರೆ ಹಾಸನೂರು, ಆಮೇಲೆ ದಿಂಬಂ ಘಾಟಿನ 27 ತಿರುವು. ಅಲ್ಲಿಂದ ಕೆಳಗಿಳಿದರೆ ಕೊಂಗುನಾಡು.

ನಾನೂ ಆ ಊರಿಗೆ ಹೋಗಿದ್ದು ಆನೆ ತೋರಿಸೋಕೇ. ಕೆಲವು ವರ್ಷದ ಹಿಂದಿನ ಮಾತು. ಕಬ್ಬಿನ ಲಾರಿಗಳನ್ನು ಆನೆ ತಡೀತಿದೆ, ಡ್ರೈವರ್‌ಗಳು ಎರಡು ಜಲ್ಲೆ ಎಸೆದು ಮುಂದೆ ಹೋಗ್ತಿದ್ದಾರೆ, ಇದನ್ನ ‘ಆನೆ ಟೋಲ್‌ಗೇಟ್’ ಅಂತ ಒಂದು ಪ್ಯಾಕೇಜ್ ಮಾಡಿ ಅಂತ ಡೆಸ್ಕ್‌ನಿಂದ ಫೋನ್ ಬಂದಿತ್ತು. ಹೆಸರು ಇಟ್ಟಾಗಿತ್ತು, ಆನೆ ಮಾತ್ರ ಬರಬೇಕಿತ್ತು. ಬೆಳಗ್ಗೆಯಿಂದ ಸಂಜೆ ನಾಲ್ಕರವರೆಗೆ ನಾನು, ಕ್ಯಾಮೆರಾಮನ್, ಡ್ರೈವರ್ ಮೂರೂ ಜನ ಟೀ ಅಂಗಡಿ ಬೆಂಚಿನ ಮೇಲೆ ಕಾದದ್ದೇ ಕಾದದ್ದು. ಆನೆ ಬರಲಿಲ್ಲ.

ಅದೇ ಬೆಂಚಿನ ಇನ್ನೊಂದು ತುದೀಲಿ ಒಬ್ಬರು ತಾತ ಕೂತಿದ್ದರು. ಬಿಳಿ ಪಂಚೆ, ಹೆಗಲಿಗೆ ಕಾವಿ ಬಟ್ಟೆ, ಪಕ್ಕದಲ್ಲಿ ಹಳೇ ಪಂಚೆಯಲ್ಲಿ ಸುತ್ತಿಟ್ಟ ಉದ್ದನೇ ವಸ್ತು. ಬಹಳ ಹೊತ್ತು ನಮ್ಮನ್ನ ನೋಡ್ತಾ ಇದ್ದು ಆಮೇಲೆ ಕೇಳಿದರು.

“ಏನ್ ಸಾ, ಟೀವಿಯವ್ರಾ?”

“ಹೂಂ ತಾತ. ಆನೆ ತೋರಿಸೋಕೆ ಬಂದ್ವಿ.”

“ಆನ ಬಂದ್ರ ಬತ್ತದ, ಹೋದ್ರ ಹೋಯ್ತದ. ಅದುನ್ನ ಏನ್ ತೋರ್ಸೀರಿ?”

ಆ ಪ್ರಶ್ನೆಗೆ ನನ್ನ ಹತ್ರ ಅವತ್ತೂ ಉತ್ತರ ಇರಲಿಲ್ಲ, ಇವತ್ತೂ ಇಲ್ಲ.

ಪಂಚೆಯಲ್ಲಿ ಸುತ್ತಿದ್ದು ತಂಬೂರಿ. ತಾತ ನೀಲಗಾರರು. ಹಾಸನೂರು ದಾಟಿ ತಾಳವಾಡಿ ಕಡೆ ಒಂದು ಊರಲ್ಲಿ ಅವತ್ತು ರಾತ್ರಿ ಕತೆ ಇತ್ತು. ಜೊತೆಯವರು ಮುಂಚೆನೇ ಹೋಗಿದ್ದರು, ಇವರು ಬಸ್ಸಿಗೆ ಕಾಯ್ತಿದ್ದರು. ಖಾಲಿ ಕೂತಿದ್ದೀವಲ್ಲ ಅಂತ ನಾನು ಕೇಳಿದೆ, “ತಾತ, ಒಂದು ಐದು ನಿಮಿಷ ಹಾಡ್ತೀರಾ?”

ತಾತ ನಕ್ಕರು. “ಅಯ್ದು ನಿಮ್ಷಕ್ಕ ಗುರುಗಳ ನೆನ್ಯದೇ ಮುಗ್ಯದಿಲ್ಲ ಕನ ಮಗ.”

ಆದರೂ ಹಾಡಿದರು. ಐದಲ್ಲ, 22 ನಿಮಿಷ. ಬಸ್ಸು ಬಂತು, ನಿಲ್ಲಿಸಿದರು, ಹತ್ತಿ ಹೋದರು. ಆ 22 ನಿಮಿಷದ ಕತೆ ಏನಾಯ್ತು ಅನ್ನೋದನ್ನ ಕೊನೇಲಿ ಹೇಳ್ತೀನಿ. ಅದಕ್ಕಿಂತ ಮುಂಚೆ ಆ ರಸ್ತೆಯ ಕತೆ ಹೇಳಬೇಕು. ಯಾಕಂದ್ರೆ ಆ ರಸ್ತೆ ಗೊತ್ತಿಲ್ಲದೆ ಆ ಹಾಡು ಅರ್ಥ ಆಗಲ್ಲ.

ಚಾಮರಾಜನಗರದ ಹಳೇ ಹೆಸರು ಅರಿಕುಠಾರ. 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರು ಅಂತ ಅದಕ್ಕೆ ಚಾಮರಾಜನಗರ ಅಂತ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಸ್ಥಾನ ಕಟ್ಟಿಸಿದರು. ಇದು ಶಾಲೆ ಪುಸ್ತಕದಲ್ಲೇ ಇದೆ. ಆದರೆ ಅದಕ್ಕೂ ಏಳು ಶತಮಾನ ಮೊದಲೇ ಆ ಊರಿಗೆ ಒಂದು ದೊಡ್ಡ ಕೆಲಸ ಇತ್ತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ, 1117ರಲ್ಲಿ ಅಲ್ಲಿ ವಿಜಯಪಾರ್ಶ್ವನಾಥ ಬಸದಿ ಕಟ್ಟಿಸಿದ. ಅವನ ಶಾಸನದಲ್ಲಿ ತೋಡರನ್ನ ಹೆದರಿಸಿದ್ದು, ಕೊಂಗರನ್ನ ಓಡಿಸಿದ್ದು, ನೀಲಗಿರಿಯನ್ನ ಗೆದ್ದಿದ್ದು ಎಲ್ಲಾ ಬರುತ್ತೆ. ಅಂದ್ರೆ ಏನು? ಬಯಲುಸೀಮೆಯಿಂದ ಕೊಂಗುನಾಡಿಗೆ, ನೀಲಗಿರಿಗೆ ಹೋಗೋ ಸೈನ್ಯಕ್ಕೆ ಇದು ಬಾಗಿಲು.

ಬಾಗಿಲು ಅಂದ್ಮೇಲೆ ಬರೋರು ಹೋಗೋರು ಇದ್ದೇ ಇರ್ತಾರೆ. 1790ರ ಸೆಪ್ಟೆಂಬರ್‌ನಲ್ಲಿ ಟಿಪ್ಪು ಸುಲ್ತಾನ್ ಇದೇ ಸೀಮೆಯ ಗಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದ ಹತ್ರ ಇಂಗ್ಲಿಷರ ದಂಡಿನ ಮೇಲೆ ಬಿದ್ದ. ಸೈನ್ಯ ಹೋದ ದಾರೀಲೇ ಉಪ್ಪು ಬಂತು, ದನ ಬಂತು, ಭಕ್ತರು ಬಂದರು, ಹಾಡೋರೂ ಬಂದರು. ಇತಿಹಾಸ ಅಂದ್ರೆ ನಾವು ಸೈನ್ಯದ ದಾರಿ ಮಾತ್ರ ಬರ್ಕೋತೀವಿ. ಹಾಡೋರ ದಾರಿ ಯಾರೂ ನಕ್ಷೆ ಮಾಡಲ್ಲ.

ಈಗ 1956ಕ್ಕೆ ಬನ್ನಿ. ನವೆಂಬರ್ 1. ನಾವು ಪ್ರತಿ ವರ್ಷ ರಾಜ್ಯೋತ್ಸವ ಮಾಡೋ ದಿನ. ಅಲ್ಲಿವರೆಗೂ ಕೊಳ್ಳೇಗಾಲ ತಾಲ್ಲೂಕು ಮೈಸೂರಿನಲ್ಲಿ ಇರಲಿಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ ಇತ್ತು. ಹೌದು, ಮಲೆ ಮಹದೇಶ್ವರ ಬೆಟ್ಟ ಕೂಡ! ಅವತ್ತು ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಬಂತು. ಆದರೆ ಅದೇ ಕೊಯಮತ್ತೂರು ಜಿಲ್ಲೆಯಲ್ಲಿದ್ದ, ಮನೆಮನೆಯಲ್ಲೂ ಕನ್ನಡ ಆಡೋ ತಾಳವಾಡಿ ಸೀಮೆ ಆ ಕಡೆಯೇ ಉಳೀತು. ಈಗ ಅದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ.

ಈ ಗೆರೆ ಎಷ್ಟು ವಿಚಿತ್ರ ಅನ್ನೋದಕ್ಕೆ ಒಬ್ಬ ಮನುಷ್ಯನ ಇನಿಷಿಯಲ್ ಸಾಕು. ಎಸ್.ಪಿ. ಮುತ್ತುರಾಜು. ಎಸ್ ಅಂದ್ರೆ ಸಿಂಗಾನಲ್ಲೂರು, ಪಿ ಅಂದ್ರೆ ಪುಟ್ಟಸ್ವಾಮಯ್ಯ. ಡಾ. ರಾಜ್‌ಕುಮಾರ್! 1929ರ ಏಪ್ರಿಲ್ 24ರಂದು ಅವರು ಹುಟ್ಟಿದ್ದು ಗಾಜನೂರಿನಲ್ಲಿ. ಅದು ತಾಳವಾಡಿ ಸೀಮೆ, ಈಗ ತಮಿಳುನಾಡು. ಹೆಸರಿನ ಮುಂದಿರೋ ಸಿಂಗಾನಲ್ಲೂರು ಕೊಳ್ಳೇಗಾಲ ಸೀಮೆ, ಈಗ ಕರ್ನಾಟಕ. ಅವರು ಹುಟ್ಟಿದಾಗ ಎರಡೂ ಒಂದೇ ಜಿಲ್ಲೆ. ಗೆರೆ ಎಳೆದವರು ಅಪ್ಪನ ಊರನ್ನ ಈಚೆ ಹಾಕಿದರು, ಮಗ ಹುಟ್ಟಿದ ಊರನ್ನ ಆಚೆ ಬಿಟ್ಟರು. 1982ರ ಗೋಕಾಕ್ ಚಳವಳಿಯಲ್ಲಿ ಇಡೀ ಕನ್ನಡನಾಡನ್ನ ಬೀದಿಗೆ ತಂದ ಮನುಷ್ಯ, ನಕ್ಷೆಯ ಲೆಕ್ಕದಲ್ಲಿ ನೋಡಿದರೆ ಹೊರನಾಡ ಕನ್ನಡಿಗ!

ಇದನ್ನ ನಾನು ಗಡಿ ತಕರಾರು ಎಬ್ಬಿಸೋಕೆ ಹೇಳ್ತಿಲ್ಲ. ಗಡಿ ಡಿಬೇಟ್ ಮಾಡಿಸಿ ಮಾಡಿಸಿ ನನಗೇ ಸಾಕಾಗಿದೆ. ನಾನು ಹೇಳ್ತಿರೋದು ಇಷ್ಟೇ: ಆ ಕಂಠ ಎಲ್ಲಿಂದ ಬಂತು ಅಂತ ಕೇಳಿದರೆ, ಉತ್ತರ ಆ ಗೆರೆಯ ಎರಡೂ ಕಡೆ ಇದೆ.

ಪುಟ್ಟಸ್ವಾಮಯ್ಯನವರು ಪೌರಾಣಿಕ ನಾಟಕಗಳ ನಟ. ಆ ಕಾಲದ ಕಂಪನಿ ನಾಟಕದಲ್ಲಿ ಮೈಕ್ ಇಲ್ಲ, ಪ್ಲೇಬ್ಯಾಕ್ ಇಲ್ಲ. ಹಾಡೋಕೆ ಬಾರದವನು ನಟನೇ ಅಲ್ಲ. ಕೊನೇ ಸಾಲಿನಲ್ಲಿ ಚಾಪೆ ಹಾಕ್ಕೊಂಡು ಕೂತವನಿಗೂ ಪದ ಪದ ಕೇಳಿಸಬೇಕು. ಮುತ್ತುರಾಜು ಹುಡುಗನಾಗಿದ್ದಾಗಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿ ಕಲಿತದ್ದು ಇದನ್ನೇ. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದರು. ಕಾಡಂಚಿನ ಹುಡುಗನ ಮೊದಲ ನಾಯಕ ಪಾತ್ರ ಕಾಡಿನ ಬೇಡನದ್ದು ಅನ್ನೋದು ಕಾಕತಾಳೀಯ ಇರಬಹುದು. ಆದರೆ ತಮಾಷೆ ನೋಡಿ, ಹಾಡೋದನ್ನೇ ಕಲಿತು ಬಂದ ಈ ನಟನಿಗೆ ಸಿನಿಮಾದಲ್ಲಿ ಸುಮಾರು ಇಪ್ಪತ್ತು ವರ್ಷ ಬಹುಪಾಲು ಹಾಡಿದ್ದು ಬೇರೆಯವರು. ಪಿ.ಬಿ. ಶ್ರೀನಿವಾಸ್ ಅವರ ದನಿ ಅವರದ್ದೇ ದನಿ ಅನ್ನೋ ಹಾಗೆ ಬೆರೆತುಹೋಗಿತ್ತು. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಹಾಡಿದ ಹಾಡು ಬಂದಮೇಲೆ ಎಲ್ಲಾ ಬದಲಾಯಿತು. ಆ ಸಿನಿಮಾವೂ ಧುತ್ತರಗಿಯವರ ನಾಟಕದಿಂದ ಬಂದದ್ದೇ. ಆಮೇಲೆ ‘ಜೀವನ ಚೈತ್ರ’ದ ಹಾಡಿಗೆ ಅತ್ಯುತ್ತಮ ಗಾಯಕ ಅಂತ ರಾಷ್ಟ್ರಪ್ರಶಸ್ತಿ. ನಟನೆಗೆ ಸಿಗದ ರಾಷ್ಟ್ರಪ್ರಶಸ್ತಿ ಅವರ ಗಾಯನಕ್ಕೆ ಸಿಕ್ಕಿತು ಅನ್ನೋದನ್ನ ನಾವು ಮರೀತೀವಿ.

ನಾವು ಅಣ್ಣಾವ್ರನ್ನ ಒಂಟಿ ಮರ ಅಂತ ನೋಡ್ತೀವಿ. ಅವರು ಒಂಟಿ ಮರ ಅಲ್ಲ, ಒಂದು ತೋಪಿನ ಮರ. ಆ ತೋಪು ಯಾವುದು?

ಮೊದಲನೇದು ಮಾದಪ್ಪನ ಕತೆ. ಮಲೆ ಮಹದೇಶ್ವರನಿಗೆ ಹರಕೆ ಹೊತ್ತು ದೀಕ್ಷೆ ತಗೊಂಡವರು ದೇವರಗುಡ್ಡರು. ಅವರ ಕೈಯಲ್ಲಿ ಕಂಸಾಳೆ. ಎರಡು ಕಂಚಿನ ತಾಳ: ಎಡಗೈಯಲ್ಲಿ ಬಟ್ಟಲಿನ ಹಾಗಿರೋದು, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ನೀವು ಗಣರಾಜ್ಯೋತ್ಸವದಲ್ಲಿ, ದಸರಾ ಮೆರವಣಿಗೆಯಲ್ಲಿ ನೋಡೋ ಬೀಸು ಕಂಸಾಳೆ ಇದರ ಕುಣಿತದ ರೂಪ. ಆದರೆ ಮೂಲದಲ್ಲಿ ಇದು ಕತೆ ಹೇಳೋರ ವಾದ್ಯ. ಕತೆಯನ್ನ ‘ಸಾಲು’ಗಳಾಗಿ ವಿಂಗಡಿಸ್ತಾರೆ: ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಸರಗೂರಯ್ಯನ ಸಾಲು ಹೀಗೆ. ಒಂದೊಂದು ಸಾಲಿಗೆ ಒಂದೊಂದು ರಾತ್ರಿಯೂ ಹಿಡೀಬಹುದು. ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲಿ ಹಾಡುಗಾರರ ಬಾಯಿಂದ ಕೇಳಿ ಬರೆದುಕೊಂಡು ಪ್ರಕಟಿಸಿದಾಗಲೇ ಓದೋ ಜನಕ್ಕೆ ಗೊತ್ತಾಗಿದ್ದು, ಇದು ಬಿಡಿಬಿಡಿ ಪದ ಅಲ್ಲ, ಒಂದು ಇಡೀ ಮಹಾಕಾವ್ಯ ಅಂತ.

ಸಂಕಮ್ಮನ ಸಾಲನ್ನ ಒಂಚೂರು ಹೇಳಬೇಕು. ಯಾಕಂದ್ರೆ ಅದು ಈ ಕಾಡಿನದ್ದೇ ಕತೆ. ಸೋಲಿಗರ ನೀಲೇಗೌಡ, ಅವನ ಹೆಂಡತಿ ಸಂಕಮ್ಮ. ಗಂಡ ಕಾಡಿಗೆ ಹೊರಟು ನಿಂತಾಗ ಹೆಂಡತಿ ಮೇಲೆ ಅನುಮಾನ. ನಾನು ಬರೋವರೆಗೂ ಶೀಲ ಕಾಪಾಡ್ತೀನಿ ಅಂತ ಬಲಭಾಷೆ ಕೊಡು ಅಂತ ಹಟ ಹಿಡೀತಾನೆ. ಸಂಕಮ್ಮ ಕೊಡಲ್ಲ! ತಪ್ಪು ಮಾಡದವಳು ಯಾಕೆ ಆಣೆ ಇಡಬೇಕು ಅನ್ನೋದು ಅವಳ ನಿಲುವು. ಕಾಡಿನ ಮಧ್ಯೆ ಒಂಟಿ ಗುಡಿಸಲಲ್ಲಿ ಅವಳನ್ನ ಬಿಟ್ಟು ಅವನು ಹೋಗ್ತಾನೆ. ಅವಳ ಕೂಗು ಕೇಳಿ ಮಾದಪ್ಪ ಬರ್ತಾನೆ, ಕಾಪಾಡ್ತಾನೆ. ಕಾರಯ್ಯ, ಬಿಲ್ಲಯ್ಯ ಅಂತ ಇಬ್ಬರು ಮಕ್ಕಳಾಗ್ತಾರೆ. ದಿನಾ ಸಂಜೆ ಸ್ಟುಡಿಯೋದಲ್ಲಿ ಹೆಣ್ಣಿನ ಮಾನ, ಅನುಮಾನ, ಗಂಡನ ಅಧಿಕಾರ ಅಂತ ನಾವು ಆರು ಜನರನ್ನ ಆರು ಕಿಟಕೀಲಿ ಕೂರಿಸಿ ಕೂಗಾಡಿಸ್ತೀವಲ್ಲ, ಆ ಪ್ರಶ್ನೆಯನ್ನ ಈ ಜನ ಎಷ್ಟೋ ತಲೆಮಾರಿನ ಹಿಂದೆಯೇ ರಾತ್ರಿಯಿಡೀ ಕೂತು ಚರ್ಚೆ ಮಾಡಿದ್ದಾರೆ. ಕೂಗಾಡದೆ, ಹಾಡಿ.

ಎರಡನೇದು ಮಂಟೇಸ್ವಾಮಿ ಕತೆ. ಇದನ್ನ ಹಾಡೋರು ನೀಲಗಾರರು. ತಂಬೂರಿ, ಗಗ್ಗರ, ಡಕ್ಕೆ ಅವರ ವಾದ್ಯಗಳು. ಕೊಳ್ಳೇಗಾಲದ ಹತ್ರದ ಚಿಕ್ಕಲ್ಲೂರು, ಮಳವಳ್ಳಿ ಕಡೆಯ ಬೊಪ್ಪೇಗೌಡನಪುರ, ಕಾವೇರಿ ತೀರದ ಕಪ್ಪಡಿ ಈ ಪರಂಪರೆಯ ದೊಡ್ಡ ಕ್ಷೇತ್ರಗಳು. ಕಲ್ಯಾಣದ ಸಾಲಿನಲ್ಲಿ ಮಂಟೇಸ್ವಾಮಿ ಬಸವಣ್ಣನವರ ಕಲ್ಯಾಣಕ್ಕೇ ಹೋಗಿ, ಅಲ್ಲಿ ಸೇರಿಕೊಂಡಿದ್ದ ಕಳ್ಳ ಜಂಗಮರನ್ನ ಪರೀಕ್ಷೆಗೆ ಹಚ್ಚುತ್ತಾನೆ. ಇನ್ನೊಂದು ಸಾಲಿನಲ್ಲಿ ಹಲಗೂರಿನ ಪಾಂಚಾಳರ ಹತ್ರ ಕಬ್ಬಿಣದ ಭಿಕ್ಷೆ ಕೇಳ್ತಾನೆ. ಅವರ ಮಗ ಕೆಂಪಾಚಾರಿಯೇ ಮುಂದೆ ಸಿದ್ದಪ್ಪಾಜಿ ಆಗೋದು. ನಾನು ಎಂಜಿನಿಯರಿಂಗ್ ಓದಿದೋನು. ಕುಲುಮೆ, ಕಬ್ಬಿಣ, ತಿದಿ, ಕರಗಿಸೋ ಕೆಲಸ ಇವೆಲ್ಲ ಒಂದು ಹಾಡಿನೊಳಗೆ ಇರೋದನ್ನ ಮೊದಲ ಸಲ ಕೇಳಿದಾಗ ನನಗೆ ನಿಜವಾಗಲೂ ನಾಚಿಕೆ ಆಯ್ತು. ನಾಲ್ಕು ವರ್ಷದ ಡಿಗ್ರಿಯಲ್ಲಿ ನನ್ನ ನೆಲದ ಕಮ್ಮಾರರ ಬಗ್ಗೆ ಒಂದು ಪುಟ ಇರಲಿಲ್ಲ.

ಮೂರನೇದು ಸೋಲಿಗರ ಹಾಡು. ಗೊರುಕ ಅಂತ ಕರೀತಾರೆ. ಬೆಂಕಿ ಸುತ್ತ ಕೈ ಕೈ ಸೇರಿಸಿ ಕುಣಿತಾ ಹಾಡೋದು. ಬಿಳಿಗಿರಿ ರಂಗಪ್ಪ ಸೋಲಿಗರ ಹುಡುಗಿ ಕುಸುಮಾಲೆಯನ್ನ ಮದುವೆಯಾದ, ಹಾಗಾಗಿ ಅವನು ಅವರಿಗೆ ಭಾವ. ದೇವರನ್ನ ಭಾವ ಅಂತ ಕರೆದು ಸಲುಗೆಯಿಂದ ಹಾಡೋ ಜನ ಅವರು. ದೊಡ್ಡ ಸಂಪಿಗೆ ಮರ ಅವರಿಗೆ ದೇವಸ್ಥಾನ. 1974ರಲ್ಲಿ ಆ ಕಾಡು ವನ್ಯಜೀವಿಧಾಮ ಆಯ್ತು. ಕಾಡೊಳಗಿದ್ದ ಅವರನ್ನ ರಸ್ತೆ ಬದಿಗೆ ತಂದರು, ಕುಮರಿ ಬೇಸಾಯ ನಿಂತಿತು. 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಪಡೆದವರಲ್ಲಿ ದೇಶಕ್ಕೇ ಮೊದಲಿಗರು ಇವರು. ಹಕ್ಕುಪತ್ರದಲ್ಲಿ ಜೇನು, ನೆಲ್ಲಿಕಾಯಿ, ಮೀನು, ದೇವರ ಜಾಗ ಎಲ್ಲಾ ಇರುತ್ತೆ. ಆದರೆ ಯಾವ ಮರ ಎಲ್ಲಿದೆ, ಯಾವ ಹಕ್ಕಿ ಯಾವಾಗ ಕೂಗುತ್ತೆ ಅನ್ನೋದು ಹಾಡಿನಲ್ಲಿರುತ್ತೆ. ಹಕ್ಕು ಬಂದು ಹಾಡು ಹೋದರೆ ಅರ್ಧ ಮಾತ್ರ ಬಂದಂಗೆ.

ಒಂದೇ ದಾರಿ, ಮೂರು ಹಾಡು. ಇದರ ಜೊತೆಗೆ ಕಂಪನಿ ನಾಟಕದ ರಂಗಗೀತೆ. 1996ರಲ್ಲಿ ‘ಜನುಮದ ಜೋಡಿ’ ಬಂತು. ಟಿ.ಎಸ್. ನಾಗಾಭರಣ ನಿರ್ದೇಶನ, ವಿ. ಮನೋಹರ್ ಸಂಗೀತ, ಪಾರ್ವತಮ್ಮ ರಾಜ್‌ಕುಮಾರ್ ನಿರ್ಮಾಣ, ಶಿವರಾಜ್‌ಕುಮಾರ್ ನಾಯಕ. ಅದರಲ್ಲಿ ಎಲ್.ಎನ್. ಶಾಸ್ತ್ರಿ ಹಾಡಿದ ಮಾದಪ್ಪನ ಪರಂಪರೆಯ ಹಾಡು ರಾಜ್ಯ ಪೂರ್ತಿ ಮೊಳಗಿತು. ಬೀದರ್‌ನಲ್ಲೂ, ಮಂಗಳೂರಲ್ಲೂ ಕಾಲೇಜ್ ಡೇಗೆ ಹುಡುಗರು ಕಂಸಾಳೆ ಹಿಡಿದರು. ಗಾಜನೂರಿನ ಮನೆತನ ತನ್ನ ಸೀಮೆಯ ಸಾಲ ತೀರಿಸಿದ ಹಾಗೆ ನನಗೆ ಅನ್ಸುತ್ತೆ.

ಆಮೇಲೆ ನಾಲ್ಕೇ ವರ್ಷ. 2000ನೇ ಇಸವಿ ಜುಲೈ 30ರ ರಾತ್ರಿ. ಗಾಜನೂರಿನ ತೋಟದ ಮನೆಯಿಂದ ವೀರಪ್ಪನ್ ಅಣ್ಣಾವ್ರನ್ನ ಕರ್ಕೊಂಡು ಹೋದ. ನಾನಾಗ ಹೈಸ್ಕೂಲ್ ಹುಡುಗ. ಶಾಲೆಗೆ ರಜ ಸಿಕ್ತು ಅಂತ ಖುಷಿಪಟ್ಟು, ಸಂಜೆ ಅಮ್ಮ ಅಳ್ತಾ ಕೂತಿದ್ದು ನೋಡಿ ಸುಮ್ಮನಾದವನು. 108 ದಿನ. ನವೆಂಬರ್ 15ಕ್ಕೆ ಬಿಡುಗಡೆ. ಆ 108 ದಿನದಲ್ಲಿ ಕರ್ನಾಟಕದ ಮನೆಮನೆಗೂ ಆ ಕಾಡಿನ ಹೆಸರು ಬಂತು. ಆದರೆ ಹೆದರಿಕೆಯ ಹೆಸರಾಗಿ ಬಂತು. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಸತ್ತ. ಹೆಸರಿಗೆ ಅಂಟಿದ ಹೆದರಿಕೆ ಸಾಯಲಿಲ್ಲ. ಅದನ್ನ ಜೀವಂತ ಇಟ್ಟವರು ಯಾರು? ನಾವೇ. ಪ್ರತಿ ವರ್ಷ ಆ ತಾರೀಖಿಗೆ ಅದೇ ಡ್ರೋನ್ ಶಾಟ್, ಅದೇ ಮ್ಯೂಸಿಕ್ಕು, ‘ನರಹಂತಕನ ಅಡಗುತಾಣ’.

ಟೀ ಅಂಗಡೀಲಿ ತಾತನ ಹತ್ರ ಅದನ್ನೂ ಕೇಳಿದ್ದೆ. “ಆಗ ಹೆಂಗಿತ್ತು ತಾತ ಇಲ್ಲಿ?”

“ಆಗ ರಾತ್ರ ಹೊತ್ತು ಹಾಡ್ಕಂಡು ಹೋಗೋ ಹಂಗಿರ್ಲಿಲ್ಲ ಸಾ. ಪೋಲೀಸ್ನೋರು, ಎಲ್ಲಿಗ ಹೊಂಟಿಯ, ಯಾರ್ಗ ಅಕ್ಕಿ ಹೊತ್ತಿಯ ಅಂದರು. ಚೀಲದಲ್ಲಿ ಅಕ್ಕಿ ಇಲ್ಲ, ತಂಬೂರಿ ಅದ ಅಂತ ಬಿಚ್ಚಿ ತೋರ್ಸ್‌ಬೇಕು. ಕತ ಮಾಡ್ಸೋರೂ ಹೆದ್ರುಕಂಡ್ರು. ಒಂದ್ ನಾಕಯ್ದು ವರ್ಸ ತಂಬೂರಿ ಗ್ವಾಡಗೇ ತೂಗಿತ್ತು.”

ಆ ಕಾರ್ಯಾಚರಣೆ ಹೊತ್ತಲ್ಲಿ ಗಡಿಯ ಹಳ್ಳಿ ಜನ ಅನುಭವಿಸಿದ್ದರ ಬಗ್ಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿ ನೇಮಿಸಿತ್ತು. ನೊಂದವರಲ್ಲಿ ಕೆಲವರಿಗೆ ಪರಿಹಾರವೂ ಬಂತು. ಆದರೆ ಗೋಡೆಗೆ ತೂಗಿಹಾಕಿದ ತಂಬೂರಿಗೆ ಯಾವ ಸಮಿತಿ? ನಾಲ್ಕೈದು ವರ್ಷ ಕತೆ ನಿಂತರೆ ಏನಾಗುತ್ತೆ ಅನ್ನೋದನ್ನ ಸ್ವಲ್ಪ ಯೋಚನೆ ಮಾಡಿ. ಹಿಮ್ಮೇಳದಲ್ಲಿ ಸೊಲ್ಲು ಹಿಡೀಬೇಕಾಗಿದ್ದ ಹದಿನಾರು ವರ್ಷದ ಹುಡುಗ ಅಷ್ಟೊತ್ತಿಗೆ ತಿರುಪೂರಿನ ಗಾರ್ಮೆಂಟ್ಸ್‌ಗೋ, ಬೆಂಗಳೂರಿಗೋ ಹೋಗಿರ್ತಾನೆ. ಅವನು ವಾಪಸ್ ಬರಲ್ಲ.

ಇಲ್ಲಿ ನನ್ನ ಎಂಜಿನಿಯರಿಂಗ್ ಬುದ್ಧಿ ಸ್ವಲ್ಪ ಓಡಿಸ್ತೀನಿ, ಬೇಜಾರು ಮಾಡ್ಕೋಬೇಡಿ. ಬರವಣಿಗೆ ಇಲ್ಲದೆ ಸಾವಿರಾರು ಸಾಲು ತಲೇಲಿ ಇಟ್ಟುಕೊಳ್ಳೋದು ಹೆಂಗೆ? ಮುಂದಿನವನು ಒಂದು ಸಾಲು ಹೇಳ್ತಾನೆ, ಹಿಮ್ಮೇಳದವರು ಸೊಲ್ಲು ಎತ್ತುತ್ತಾರೆ. ನಾವು ಅಂದ್ಕೋತೀವಿ, ಅದು ಬರೀ ಪುನರಾವರ್ತನೆ, ಬೋರು ಅಂತ. ಅಲ್ಲ. ಆ ಸೊಲ್ಲು ಮುಗಿಯೋದರೊಳಗೆ ಮುಂದಿನವನು ಮುಂದಿನ ಸಾಲು ಜೋಡಿಸ್ಕೋತಾನೆ, ಉಸಿರು ತಗೋತಾನೆ. ಅವನು ಎಲ್ಲಾದ್ರೂ ತಪ್ಪಿದರೆ ಹಿಮ್ಮೇಳದವರು ಹಿಡಿದು ಸರಿ ದಾರಿಗೆ ತರ್ತಾರೆ. ಕಂಪ್ಯೂಟರ್‌ನಲ್ಲಿ ಒಂದೇ ಮಾಹಿತಿಯನ್ನ ಎರಡು ಮೂರು ಕಡೆ ಇಟ್ಟು ಕಾಪಾಡ್ತೀವಲ್ಲ, ಅದೇ ಲೆಕ್ಕ. ಇದು ಒಬ್ಬನ ತಲೇಲಿ ಇರೋ ಕಾವ್ಯ ಅಲ್ಲ, ನಾಲ್ಕು ಜನರ ನಡುವೆ ಇರೋ ಕಾವ್ಯ. ಅದಕ್ಕೇ ಹಿಮ್ಮೇಳ ಹೋದರೆ ಬರೀ ಹಿನ್ನೆಲೆ ಹೋದಂಗಲ್ಲ. ಬ್ಯಾಕಪ್ಪೇ ಹೋದಂಗೆ.

ಇನ್ನೂ ಒಂದು ಮಾತು. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಅಧಿಕಾರ ಕಳ್ಕೋತಾರೆ ಅನ್ನೋ ಮೂಢನಂಬಿಕೆ ನಿಮಗೆಲ್ಲ ಗೊತ್ತು. 1997ರಲ್ಲಿ ಜಿಲ್ಲೆ ಆದಮೇಲೂ ಅದು ಹೋಗಲಿಲ್ಲ. ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಮತ್ತೆ ಮತ್ತೆ ಹೋಗಿಬಂದು 2018ಕ್ಕೆ ಐದು ವರ್ಷ ಪೂರೈಸಿದರು, 2023ರಲ್ಲಿ ಮತ್ತೆ ಮುಖ್ಯಮಂತ್ರಿಯೂ ಆದರು. ಆದರೂ ಆ ವಿಷಯದ ಮೇಲೆ ಎಪಿಸೋಡುಗಳು ನಿಂತಿಲ್ಲ. ನಾನೇ ಎರಡು ಮಾಡಿದ್ದೀನಿ. ಒಂದು ಊರನ್ನ ಶಾಪದ ಊರು, ಹಂತಕನ ಊರು, ಆನೆ ಊರು ಅಂತ ಇಪ್ಪತ್ತು ವರ್ಷ ತೋರಿಸಿದರೆ, ಆ ಊರಿನ ಹುಡುಗ ಬೆಂಗಳೂರಲ್ಲಿ ಇಂಟರ್‌ವ್ಯೂಗೆ ಹೋದಾಗ ತನ್ನ ಊರಿನ ಬಗ್ಗೆ ಏನು ಹೇಳ್ಕೋತಾನೆ? ಅವನು ಸುಮ್ಮನೆ ‘ಮೈಸೂರು’ ಅಂದುಬಿಡ್ತಾನೆ. ಇದು ನನಗೆ ನಮ್ಮ ಆಫೀಸಲ್ಲೇ ಕೆಲಸ ಮಾಡೋ ಒಬ್ಬ ಹುಡುಗ ಹೇಳಿದ್ದು.

ಈಗ ಆ 22 ನಿಮಿಷಕ್ಕೆ ಬರ್ತೀನಿ.

ತಾತ ಹೋದಮೇಲೆ, ಕತ್ತಲಾಗೋ ಹೊತ್ತಿಗೆ ಆನೆ ಬಂತು. ಒಂದಲ್ಲ, ಎರಡು. ಕಬ್ಬಿನ ಲಾರಿ ನಿಂತಿತು, ಜಲ್ಲೆ ಬಿತ್ತು, ಶಾಟ್ ಸಿಕ್ತು. ನಾವು ಕುಣಿದುಬಿಟ್ವಿ. ರಾತ್ರಿನೇ ಫೂಟೇಜ್ ಕಳಿಸಿದ್ವಿ. ಪ್ಯಾಕೇಜ್ ನಾಲ್ಕು ನಿಮಿಷ. ಅದರಲ್ಲಿ ತಾತ ಎಷ್ಟು? 40 ಸೆಕೆಂಡ್. ಅದೂ ಅವರ ದನಿ ಇಳಿಸಿ, ಮೇಲೆ ನನ್ನ ವಾಯ್ಸ್ ಓವರ್. ‘ಒಂದ್ಕಡೆ ಗಜರಾಜನ ಕಾಟ, ಇನ್ನೊಂದ್ಕಡೆ ಜಾನಪದದ ಘಮಲು’. ನಾನೇ ಬರೆದ ಸಾಲು. ಯಾರೂ ಬಲವಂತ ಮಾಡಿರಲಿಲ್ಲ. ಕಾಲೇಜಲ್ಲಿ ನಾನು ಓದಿದ್ದು ಸಿಗ್ನಲ್ ಯಾವುದು, ನಾಯ್ಸ್ ಯಾವುದು ಅಂತ ಬೇರೆ ಮಾಡೋದನ್ನ. ಅವತ್ತು ಸಿಗ್ನಲ್ಲನ್ನ ಕೆಳಗಿಳಿಸಿ ನಾಯ್ಸನ್ನ ಮೇಲೆ ಹಾಕಿದೆ.

ಮೂರು ದಿನ ಆದಮೇಲೆ ಒಂದು ಫೋನ್ ಬಂತು. ಟೀ ಅಂಗಡಿಯವರ ಹತ್ರ ನಂಬರ್ ಕೊಟ್ಟು ಬಂದಿದ್ದೆ. ಅವರೇ ಮಾಡಿ ತಾತನಿಗೆ ಕೊಟ್ಟರು.

“ಮಗಾ, ನಮ್ಮ ಮೊಮ್ಮಗ ರಾತ್ರ ಹನ್ನೊಂದ್ ಗಂಟಗಂಟ ಟೀವಿ ಹಾಕ್ಕಂಡು ಕುಂತಿದ್ದ. ಆನ ಬಂತು. ನಾನೂ ಒಸಿ ಬಂದಿ. ನನ್ನ ಬಾಯಿ ಆಡ್ತದ, ಮಾತು ನಿಂದು ಬತ್ತದ. ಹಾಡು ಎಲ್ಲಿ ಹೋಯ್ತು ಅಂತ ಕೇಳ್ತಾ ಅವ್ನ ಅವನು.”

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ನಿಜವಾಗಲೂ ಹಾಡು ಎಲ್ಲೋ ಹೋಗಿದೆ, ಹುಡುಕಿ ಕೊಡ್ತಾನೆ ಅನ್ನೋ ಹಾಗೆ ಕೇಳಿದರು. “ಇದೆ ತಾತ, ಇಡೀ ಹಾಡು ಹಂಗೇ ಇದೆ, ಮೊಮ್ಮಗನಿಗೆ ಕಳಿಸ್ತೀನಿ” ಅಂದೆ. ಅವತ್ತು ಅದು ನಿಜವೇ. ಆಮೇಲೆ ಚುನಾವಣೆ ಬಂತು, ಇನ್ನೇನೋ ಬಂತು. ಎರಡು ತಿಂಗಳಾದಮೇಲೆ ನೆನಪಾಗಿ ಹುಡುಕಿದರೆ ಸರ್ವರ್‌ನಲ್ಲಿ ಜಾಗ ಖಾಲಿ ಮಾಡೋಕೆ ಹಳೇ ಕಚ್ಚಾ ಫೂಟೇಜ್ ಎಲ್ಲಾ ಅಳಿಸಿಯಾಗಿತ್ತು. ಪ್ರಸಾರ ಆದ ನಾಲ್ಕು ನಿಮಿಷ ಮಾತ್ರ ಉಳಿದಿತ್ತು. ಆನೆ ಭದ್ರವಾಗಿದೆ. ಹಾಡಿಲ್ಲ.

ನೋಡಿ, ಎಷ್ಟೋ ತಲೆಮಾರು ಬಾಯಿಂದ ಬಾಯಿಗೆ ಬಂದ ಹಾಡು, ಟಿಪ್ಪುವಿನ ದಂಡು ಹೋದರೂ ಉಳಿದ ಹಾಡು, ಗಡಿ ಗೆರೆ ಬಿದ್ದರೂ ಉಳಿದ ಹಾಡು, ವೀರಪ್ಪನ್ ಕಾಲ ದಾಟಿ ಬಂದ ಹಾಡು, ನನ್ನ ಹತ್ರ ಎರಡು ತಿಂಗಳು ಉಳೀಲಿಲ್ಲ. ಟೆಕ್ನಾಲಜಿ ಬಂದಿದೆ, ಇನ್ನು ಏನೂ ಕಳೆದುಹೋಗಲ್ಲ ಅನ್ನೋರಿಗೆ ನಾನು ಇದೊಂದು ಕತೆ ಹೇಳ್ತೀನಿ.

ಹೋದ ಬೇಸಿಗೇಲಿ ಮತ್ತೆ ಹೋಗಿದ್ದೆ. ಈ ಸಲ ಆಫೀಸ್ ಕೆಲಸಕ್ಕಲ್ಲ. ಓಬಿ ವ್ಯಾನ್ ಇಲ್ಲ, ಲೋಗೋ ಮೈಕ್ ಇಲ್ಲ. ಸ್ವಂತ ರೆಕಾರ್ಡರ್, ಎರಡು ಹಾರ್ಡ್ ಡಿಸ್ಕ್. ಫೋನ್‌ನಲ್ಲೇ ತಪ್ಪೊಪ್ಪಿಕೊಂಡಿದ್ದೆ, ಎದುರಿಗೆ ಕೂತು ಇನ್ನೊಂದ್ಸಲ ಒಪ್ಪಿಕೊಂಡೆ. ತಾತ ಕೇಳಿದ್ದು ಒಂದೇ: “ಈಸಲ ಎಷ್ಟ್ ನಿಮ್ಸ?” ನಾನಂದೆ, “ಬೆಳಗಾಗೋವರೆಗೂ ತಾತ.”

ತಾಳವಾಡಿ ಸೀಮೆಯ ಒಂದು ಹಳ್ಳಿ. ಆ ಊರಿನ ಬೋರ್ಡು ತಮಿಳಲ್ಲಿ, ಬಸ್ಸಿನ ಹೆಸರು ತಮಿಳಲ್ಲಿ, ಕತೆ ಕನ್ನಡದಲ್ಲಿ. ರಾತ್ರಿ ಒಂಬತ್ತೂವರೆಗೆ ಕೂತೋರು ಎದ್ದಿದ್ದು ಕೋಳಿ ಕೂಗಿದಮೇಲೆ. ಮಧ್ಯರಾತ್ರಿ ದಾಟಿದಮೇಲೆ ಮಕ್ಕಳು ಮಲಗಿದವು, ಗಂಡಸರು ಕೆಲವರು ಎದ್ದುಹೋದರು. ಹೆಂಗಸರು ಮಾತ್ರ ಕದಲಲಿಲ್ಲ. ಕಲ್ಯಾಣದ ಸಾಲು ಬರುವಾಗ ಒಬ್ಬರು ಅಜ್ಜಿ ತಾತನಿಗೇ ತಿದ್ದಿದರು, ‘ಅದು ಬಿಟ್ಟ್ಯಲ್ಲ’ ಅಂತ. ತಾತ ವಾಪಸ್ ಹೋಗಿ ಅದನ್ನ ಹಾಡಿ ಮುಂದಕ್ಕೆ ಬಂದರು. ಬ್ಯಾಕಪ್ ಅಂದ್ನಲ್ಲ, ಕೂತು ಕೇಳೋರಲ್ಲೂ ಇದೆ ಅಂತ ಅವತ್ತು ಗೊತ್ತಾಯ್ತು. ತಾತನ ಹಿಂದೆ ಗಗ್ಗರ ಹಿಡಿದು ಸೊಲ್ಲು ಎತ್ತುತ್ತಿದ್ದವನು ಟೀವಿ ಮುಂದೆ ಹನ್ನೊಂದು ಗಂಟೆವರೆಗೆ ಕೂತಿದ್ದ ಮೊಮ್ಮಗ. ಐಟಿಐ ಓದ್ತಿದ್ದಾನೆ. ನಡುನಡುವೆ ಫೋನ್ ನೋಡ್ತಿದ್ದ, ಸೊಲ್ಲು ಮಾತ್ರ ತಪ್ಪಲಿಲ್ಲ.

ನಿಮಗೆ ನಾನು ದೊಡ್ಡ ಉಪದೇಶ ಏನೂ ಮಾಡಲ್ಲ. ಬಾನದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ ಇದೆ. ಶಿವರಾತ್ರಿಗೆ, ದೀಪಾವಳಿಗೆ ಮಾದಪ್ಪನ ಬೆಟ್ಟಕ್ಕೆ ಜನ ನಡ್ಕೊಂಡು ಹೋಗ್ತಾರೆ. ಒಂದು ರಾತ್ರಿ ಹೋಗಿ ಕೂತು ಕೇಳಿ. ಸೆಲ್ಫಿ ಆಮೇಲೆ ತಗೊಳ್ಳಿ. ಅಷ್ಟು ದೂರ ಆಗದಿದ್ದರೆ ನಿಮ್ಮ ಮನೇಲೇ ಒಬ್ಬರು ಅಜ್ಜಿ ಇರ್ತಾರೆ. ಸೋಬಾನೆ ಪದವೋ, ರಾಗಿ ಬೀಸೋ ಪದವೋ ಅವರಿಗೆ ಬರುತ್ತೆ. ಫೋನ್ ಆನ್ ಮಾಡಿ, ಪಕ್ಕದಲ್ಲಿಡಿ, ಸುಮ್ಮನೆ ಕೂತ್ಕೊಳ್ಳಿ. ಮುಗಿದಮೇಲೆ ಎರಡು ಕಡೆ ಉಳಿಸಿಡಿ. ಇದನ್ನ ಕಳ್ಕೊಂಡವನು ಹೇಳ್ತಿದ್ದೀನಿ.

ಪುಣಜನೂರು ಗೇಟಲ್ಲಿ ಆಮೇಲೂ ಆನೆ ಬಂದಿದೆ. ಸುದ್ದಿಯನ್ನೂ ಮಾಡಿದ್ದೀವಿ, ಮಾಡ್ಲೇಬೇಕು, ಆ ರಸ್ತೇಲಿ ಓಡಾಡೋರಿಗೆ ಅದು ಬೇಕು. ಆದರೆ ಈಚೆಗೆ ಒಂದು ಬುಲೆಟಿನ್ನಲ್ಲಿ ಆ ಊರಿನ ಹೆಸರು ಓದುವಾಗ ‘ವೀರಪ್ಪನ್ ಓಡಾಡಿದ್ದ’ ಅಂತ ಸ್ಕ್ರಿಪ್ಟ್‌ನಲ್ಲಿ ಇತ್ತು. ಅದನ್ನ ಹೊಡೆದುಹಾಕಿ ‘ನೀಲಗಾರರು ಹಾಡ್ಕೊಂಡು ಹೋಗೋ ದಾರಿಯಲ್ಲಿರುವ’ ಅಂತ ಓದಿದೆ. ಪ್ರೊಡ್ಯೂಸರ್ ಇಯರ್‌ಪೀಸ್‌ನಲ್ಲಿ ಕೇಳಿದರು, ಇದೇನು ಹೊಸದು ಅಂತ.

ಹೊಸದಲ್ಲ ಸರ್, ಬಹಳ ಹಳೇದು ಅಂದೆ.